ಕೈಟ್ ಗ್ನೂ/ಲಿನಕ್ಸ್

ಕೈಟ್ ಗ್ನೂ/ಲಿನಕ್ಸ್ ಎಂಬುದು ಕೇರಳದ ಶಾಲೆಗಳಿಗಾಗಿ ಉಬುಂಟುವನ್ನು ಆಧರಿಸಿ ರೂಪಿಸಲಾದ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಇದು ಬಳಕೆಯಲ್ಲಿದೆ.

ಹಿನ್ನೆಲೆ

ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆಯು 2001ರಲ್ಲಿ ಆರಂಭವಾಯಿತು. ಆರಂಭದ ಪಠ್ಯಕ್ರಮ ವಿಂಡೋಸ್ ಆಧಾರಿತವಾಗಿತ್ತು. ಶಿಕ್ಷಕರ ಸಂಘಟನೆ ಹಾಗೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಇದನ್ನು ವಿರೋಧಿಸಿದ್ದರಿಂದ, ಕೆಲವೇ ವರ್ಷಗಳಲ್ಲಿ ಲಿನಕ್ಸ್ ಅದರ ಸ್ಥಾನವನ್ನು ಪಡೆಯಿತು. 2017ರಲ್ಲಿ ಈ ಯೋಜನೆಯು 'ಕೈಟ್' ಎಂಬ ಸರಕಾರಿ ಕಂಪನಿಯಾಯಿತು.

ಮಾರ್ಪಾಡು

ಸ್ವಾಮ್ಯದ ವ್ಯವಸ್ಥೆಗಳಲ್ಲಿ ಜಾಹೀರಾತು, ಬಳಕೆಯ ಮಾಹಿತಿಯ ರವಾನೆ ಮೊದಲಾದ ಬೇಡದ ಸೌಲಭ್ಯಗಳ ಪೈಕಿ ತಯಾರಕರು ಅನುಮತಿಸಿದವನ್ನು ಮಾತ್ರ ಬಳಕೆದಾರರು ಸುಲಭವಾಗಿ ನಿಲ್ಲಿಸಬಹುದು. ಸ್ವತಂತ್ರ ತಂತ್ರಾಂಶದ ಪರವಾನಗಿಯಾದರೋ ಆಕರ ಸಂಕೇತವನ್ನು ಪರಿಶೀಲಿಸುವ, ತಿದ್ದುವ ಮತ್ತು ಹಂಚುವ ಹಕ್ಕನ್ನು ನೀಡುತ್ತದೆ. ಆದುದರಿಂದ ಬೇಡವಾದುದನ್ನು ತೆಗೆದು, ಬೇಕಾದುದನ್ನು ಸೇರಿಸಿ, ಪ್ರತಿ ಗಣಕಕ್ಕೂ ಶುಲ್ಕ ತೆರದೆ ಅಳವಡಿಸಲು ಸಾಧ್ಯ. ಲಿಬ್ರೆ ಆಫೀಸ್, ಜಿಯೋಜೀಬ್ರಾ, ಗಿಂಪ್ ಇತ್ಯಾದಿ ತಂತ್ರಾಂಶಗಳು ಇದರಲ್ಲಿ ಅಡಕವಾಗಿವೆ. 2019ರಲ್ಲಿ ಬಂದ 18.04 ಆವೃತ್ತಿಯನ್ನು 2 ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗಾಗಿ ಸಿದ್ಧಪಡಿಸಲಾಗಿತ್ತು. ಅನಂತರ 22.04 ಆವೃತ್ತಿ ಬಂದಿತು.

ಕನ್ನಡದ ಬಳಕೆ

ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಹಾಗೂ ಕಗಪ ಕೀಲಿಮಣೆ ವಿನ್ಯಾಸಗಳು ಲಭ್ಯವಿದ್ದು, ಯೂನಿಕೋಡ್ ಕನ್ನಡವನ್ನು ನೇರವಾಗಿ ಬೆರಳಚ್ಚು ಮಾಡಬಹುದು.

ಮಿತಿಗಳು

ವಿಂಡೋಸ್‌ಗೆಂದೇ ರಚಿತವಾದ ಹಲವು ತಂತ್ರಾಂಶಗಳು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ನುಡಿ, ಬರಹಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿರುವ ಕಡತಗಳು, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ವ್ಯವಸ್ಥೆಯನ್ನು ಬದಲಿಸುವ ಮೊದಲು ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಉಳಿಸಿಕೊಳ್ಳುವುದು ಅವಶ್ಯಕ.