ಕುದುರೆಯ ಬಾಯಿಗೆ ನಮ್ಮ ಅಡುಗೆಮನೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕೆಲಸಗಳನ್ನು ಹೇಳುವ ಅಧ್ಯಾಯವೊಂದಿದೆ. ಉತ್ತಮ ಕುದುರೆಗೆ ದಿನಕ್ಕೆ ಸಲ್ಲಬೇಕಾದ ಪಡಿಯ ಲೆಕ್ಕ ಅಲ್ಲಿ ಸಿಗುತ್ತದೆ: ಅಕ್ಕಿ, ಜವೆಗೋಧಿ ಅಥವಾ ನವಣೆ ಎರಡು ದ್ರೋಣ, ಅದಿಲ್ಲವಾದರೆ ಬೇಯಿಸಿದ ಹೆಸರು ಅಥವಾ ಉದ್ದು, ಎಣ್ಣೆ ಒಂದು ಪ್ರಸ್ಥ, ಉಪ್ಪು ಐದು ಪಲ, ಮಾಂಸ ಐವತ್ತು ಪಲ, ಉಂಡೆ ನೆನೆಸಲು ಮಾಂಸದ ರಸ ಅಥವಾ ಮೊಸರು, ಕುಡಿಯಲು ಸುರೆ, ಬೇಡವೆಂದರೆ ಅದರ ಎರಡರಷ್ಟು ಹಾಲು. ಇಂದಿನ ಪಶುವೈದ್ಯರು ಇದನ್ನು ಓದಿದರೆ ಉಪ್ಪಿಗೆ ಒಪ್ಪಿಯಾರು, ಎಣ್ಣೆಗೂ ತಲೆದೂಗಿಯಾರು, ಮಾಂಸ ಮತ್ತು ಹಾಲಿನ ಮಾತು ಬಂದಾಗ ಹುಬ್ಬು ಗಂಟಿಕ್ಕಿಯಾರು. ಮನುಷ್ಯರು ತಿನ್ನುವುದರಲ್ಲಿ ಕುದುರೆಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪ್ರಶ್ನೆ ಅಷ್ಟು ಹಳೆಯದು. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಪದಾರ್ಥಗಳ ಪಟ್ಟಿ ತಿದ್ದುಪಡಿಯಾದದ್ದು ಅದರಲ್ಲಿ ಸಣ್ಣ ಭಾಗ. ಪದಾರ್ಥವನ್ನು ಬಿಟ್ಟು ಪ್ರಮಾಣ, ರೂಪ ಮತ್ತು ತಿನ್ನುವ ಕುದುರೆಯ ಕಡೆಗೆ ಗಮನ ಹೊರಳಿದ್ದೇ ದೊಡ್ಡ ಬದಲಾವಣೆ.

ಬಲಕ್ಕೆ ಬಲ

ಕ್ರಿಸ್ತಪೂರ್ವ 14ನೇ ಶತಮಾನದ ಆಸುಪಾಸಿನಲ್ಲಿ ಮಿತನ್ನಿ ದೇಶದ ಕಿಕ್ಕುಲಿ ಎಂಬ ತರಬೇತುದಾರ ಹಿಟ್ಟೈಟರಿಗಾಗಿ ಬರೆಸಿದ ಜೇಡಿಮಣ್ಣಿನ ಫಲಕಗಳಲ್ಲಿ ರಥದ ಕುದುರೆಗಳಿಗೆ ಜವೆಗೋಧಿ, ಹುಲ್ಲು, ಉಪ್ಪುನೀರು, ಮೊಳಕೆ ಧಾನ್ಯದ ನೀರು ಕೊಡುವ ಕ್ರಮವಿದೆ. ಮನುಷ್ಯನಿಗೆ ಬಲ ಕೊಡುವುದು ಕುದುರೆಗೂ ಬಲ ಕೊಡುತ್ತದೆ ಎಂಬ ನಂಬಿಕೆಯೇ ಅಲ್ಲಿಂದ ಮುಂದೆ ಮೂರು ಸಾವಿರ ವರ್ಷ ಲಾಯಗಳನ್ನು ಆಳಿತು. ಅಕ್ಬರನ ಲಾಯದ ಖಾಸಾ ಕುದುರೆಗಳಿಗೆ ಹಿಟ್ಟು, ಸಕ್ಕರೆ, ತುಪ್ಪ ಸಲ್ಲುತ್ತಿದ್ದುದನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ದಾಖಲಿಸಿದ್ದಾನೆ. ಇಂಗ್ಲೆಂಡಿನಲ್ಲಿ ಬಟಾಣಿ, ಅವರೆಯಂಥ ಕಾಳುಗಳ ಹಿಟ್ಟಿನಿಂದ ಕುದುರೆಗೆಂದೇ ರೊಟ್ಟಿ ಸುಡುತ್ತಿದ್ದರು. ಜರ್ವೇಸ್ ಮಾರ್ಕಮ್ 17ನೇ ಶತಮಾನದ ಆರಂಭದಲ್ಲಿ ಓಟದ ಕುದುರೆಗಳಿಗಾಗಿ ಅಂಥ ರೊಟ್ಟಿಯ ಪಾಕವಿಧಾನಗಳನ್ನೇ ಬರೆದ.

ದಕ್ಷಿಣ ಭಾರತದಲ್ಲಿ ಈ ನಂಬಿಕೆ ದುಬಾರಿಯಾಯಿತು. ಮಾಬರ್ ಕರಾವಳಿಯಲ್ಲಿ ಕುದುರೆಗಳಿಗೆ ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ತಂದ ಕುದುರೆಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ ಎಂದು 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಬರೆದ. ಆ ಸಾವುಗಳಿಗೆ ಹವೆ, ರೋಗ, ಆರೈಕೆಯ ಕೊರತೆ ಎಲ್ಲವೂ ಕಾರಣವಾಗಿರಬಹುದು. ಅನ್ನವೊಂದನ್ನೇ ದೂರುವುದು ಸರಿಯಲ್ಲ. ಹಾಗಿದ್ದೂ ಅರಬ್ ವರ್ತಕರಿಗೆ ವ್ಯಾಪಾರ ಕುದುರಿಸಿದ್ದು ಈ ಸಾವುಗಳೇ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ಇಷ್ಟು ಹೊನ್ನು ಸುರಿದ ನಾಡಿನಲ್ಲಿ ಕುದುರೆಯ ಆರೈಕೆ ವಿದ್ಯೆಯಾಗಿ ಬೆಳೆದದ್ದು ಸಹಜ. ಕಲ್ಯಾಣದ ಮೂರನೆಯ ಸೋಮೇಶ್ವರ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಕುದುರೆಗೆ ಜಾಗ ಕೊಟ್ಟ. ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ.

ನಮ್ಮ ನೆಲದ ನಿಜವಾದ ಕೊಡುಗೆ ಹುರುಳಿ. ಮಳೆ ಕೈಕೊಟ್ಟರೂ ಬೆಳೆಯುವ ಈ ಕಾಳನ್ನು ಜಟಕಾ ಕುದುರೆಯಿಂದ ಹಿಡಿದು ರಾಜನ ಲಾಯದವರೆಗೆ ನೆನೆಸಿ, ಬೇಯಿಸಿಯೇ ಕೊಡುತ್ತಿದ್ದರು. ಹಸಿಯಾಗಿ ಯಾಕೆ ಕೊಡಬಾರದು ಎಂಬುದಕ್ಕೆ ರಸಾಯನಶಾಸ್ತ್ರದ ಉತ್ತರ ಬಂದದ್ದು ತೀರ ತಡವಾಗಿ. ಪ್ರೋಟೀನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಅಂಶ ಇಂಥ ಕಾಳುಗಳಲ್ಲಿದೆ. 1940ರ ದಶಕದಲ್ಲಿ ಮೋಸೆಸ್ ಕುನಿಟ್ಜ್ ಸೋಯಾ ಕಾಳಿನಿಂದ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ. ಹುರುಳಿಯಲ್ಲೂ ಟ್ರಿಪ್ಸಿನ್ ತಡೆಯುವ ಅಂಶವಿದೆ. ಕುದಿಸಿದರೆ ಅದರ ಕಾಟ ತಗ್ಗುತ್ತದೆ. ಲಾಯದವರಿಗೆ ಕಾರಣ ಗೊತ್ತಿರಲಿಲ್ಲ, ಕ್ರಮ ಗೊತ್ತಿತ್ತು.

ಸೋಮವಾರದ ಕಾಯಿಲೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನ ನಗರಗಳು ಸಾವಿರಾರು ಕುದುರೆಗಳನ್ನು ಒಂದೇ ಸೂರಿನಡಿ ಸಾಕಿದವು. ಹಾಗಾಗಿ ತಪ್ಪುಗಳೂ ಸಾವಿರಗಟ್ಟಲೆ ಕಣ್ಣಿಗೆ ಬಿದ್ದವು. ಭಾನುವಾರ ಕೆಲಸವಿಲ್ಲ, ಧಾನ್ಯದ ಪಡಿ ಮಾತ್ರ ಎಂದಿನಷ್ಟೇ. ಸೋಮವಾರ ಬೆಳಿಗ್ಗೆ ಗಾಡಿಗೆ ಕಟ್ಟಿದರೆ ಸ್ವಲ್ಪ ದೂರದಲ್ಲೇ ತೊಡೆಯ ಸ್ನಾಯುಗಳು ಸೆಟೆದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಕುದುರೆ ಕುಸಿಯುತ್ತಿತ್ತು. ಇದಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರಾಯಿತು. ಗಿರಣಿಯವರ ಕುದುರೆಗಳದು ಇನ್ನೊಂದು ಪಾಡು. ಪುಕ್ಕಟೆ ಸಿಗುವ ಬೂಸಾವನ್ನೇ ತಿಂದು ಅವುಗಳ ಮುಖದ ಮೂಳೆ ಊದುತ್ತಿತ್ತು. ಬೂಸಾದಲ್ಲಿ ರಂಜಕ ವಿಪರೀತ, ಸುಣ್ಣದಂಶ ಅತ್ಯಲ್ಪ. ಕೊರತೆ ತುಂಬಲು ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ವಿಷವಲ್ಲದ ಪದಾರ್ಥವೂ ಅಳತೆ ತಪ್ಪಿದರೆ ಕೆಡುಕು ಮಾಡುತ್ತದೆ ಎಂಬುದು ಮೊದಲು ಢಾಳಾಗಿ ಕಂಡದ್ದು ಇಲ್ಲಿ.

ಪ್ಯಾರಿಸಿನ ಬಾಡಿಗೆ ಗಾಡಿಗಳ ಕಂಪನಿಯ ಕುದುರೆಗಳ ಮೇಲೆ ಗ್ರಾಂಡೋ ಮತ್ತು ಲೆಕ್ಲೇರ್ ನಡೆಸಿದ ಪ್ರಯೋಗಗಳು ಮೇವನ್ನು ಪ್ರೋಟೀನು, ಶಕ್ತಿ, ಕೆಲಸಗಳ ಲೆಕ್ಕಕ್ಕೆ ತಂದವು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1949ರಲ್ಲಿ ಕುದುರೆಯ ಪೋಷಕಾಂಶಗಳ ಮೊದಲ ಕೈಪಿಡಿ ಹೊರತಂದಿತು. ಅದರ ಆರನೆಯ ಆವೃತ್ತಿ 2007ರದು.

ಕರುಳು ಹೇಳಿದ ಕಥೆ

ಪೋಷಕಾಂಶದ ಪಟ್ಟಿ ಹೇಳದ ಒಂದು ಸಂಗತಿಯನ್ನು ಕರುಳಿನ ಅಧ್ಯಯನ ಹೇಳಿತು. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಹೊಟ್ಟೆ ಚಿಕ್ಕದು, 8ರಿಂದ 15 ಲೀಟರು. ಅನ್ನನಾಳ ಹೊಟ್ಟೆ ಸೇರುವಲ್ಲಿ ಸ್ನಾಯುವಿನ ಹಿಡಿತ ಎಷ್ಟು ಬಿಗಿಯೆಂದರೆ ಕುದುರೆ ವಾಂತಿ ಮಾಡಲಾರದು. ತಪ್ಪಿ ತಿಂದದ್ದನ್ನು ನಾಯಿಯಂತೆ ಹೊರಹಾಕುವ ದಾರಿಯಿಲ್ಲ. ಅದರ ದೊಡ್ಡಕರುಳೋ ಗೋಬರ್ ಗ್ಯಾಸ್ ತೊಟ್ಟಿಯಿದ್ದ ಹಾಗೆ. ಸೂಕ್ಷ್ಮಜೀವಿಗಳು ನಾರನ್ನು ನಿಧಾನವಾಗಿ ಕೊಳೆಸಿ ಶಕ್ತಿ ಕೊಡುತ್ತವೆ, ಒಳಕ್ಕೆ ಹಾಕುವುದು ದಿಢೀರನೆ ಬದಲಾದರೆ ಎಲ್ಲ ಕೆಡುತ್ತದೆ. ಒಮ್ಮೆಗೇ ಹೆಚ್ಚು ಅನ್ನ, ಬ್ರೆಡ್ಡು, ಹಿಟ್ಟು ಹೋದರೆ ಸಣ್ಣಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡಕರುಳಿಗೆ ಇಳಿದು ಹುಳಿಯಾಗುತ್ತದೆ. ಅದರಿಂದ ಹೊಟ್ಟೆಶೂಲೆ ಬರುತ್ತದೆ. ಹೆಚ್ಚಾದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಊತ. ಒಂದು ಊಟದಲ್ಲಿ ದೇಹತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಪಿಷ್ಟ ಸಾಕು ಎನ್ನುವುದು ಈಗ ಚಾಲ್ತಿಯಲ್ಲಿರುವ ಎಚ್ಚರಿಕೆಯ ಮಿತಿ. 500 ಕಿಲೋ ತೂಗುವ ಕುದುರೆಗೆ ಅದು ಅರ್ಧ ಕಿಲೋ. ಮುಕ್ಕಾಲು ಕಿಲೋಗಿಂತ ಕಡಿಮೆ ಅಕ್ಕಿಯಲ್ಲೇ ಅಷ್ಟು ಪಿಷ್ಟವಿರುತ್ತದೆ.

ಹಾಲಿನ ವಿಷಯವೂ ಕರುಳಿನಲ್ಲೇ ಇತ್ಯರ್ಥವಾಯಿತು. ಮರಿಗೆ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಇರುತ್ತದೆ. ಮೂರ್ನಾಲ್ಕು ವರ್ಷ ತುಂಬುವ ಹೊತ್ತಿಗೆ ಅದು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕೌಟಿಲ್ಯನ ಪಡಿಯ ಹಾಲು ದೊಡ್ಡ ಕುದುರೆಗೆ ಭೇದಿ ಮಾಡಿಸಬಲ್ಲದು.

2007ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಆರೋಗ್ಯವಂತ ಪೋನಿಗಳ ರಕ್ತದಲ್ಲಿ ಇನ್ಸುಲಿನ್ ಮಟ್ಟವನ್ನು ಬಹುಕಾಲ ಏರಿಸಿಟ್ಟಾಗ, ಕರುಳು ಕೆಡದಿದ್ದರೂ ಗೊರಸಿಗೆ ಲ್ಯಾಮಿನೈಟಿಸ್ ಬಂತು. ಸುರಕ್ಷತೆಯ ಚರ್ಚೆ ಅಲ್ಲಿಂದ ಬೇರೆ ಹಾದಿ ಹಿಡಿಯಿತು. ನಿತ್ಯ ಓಡುವ ಕುದುರೆಗೆ ಏನೂ ಮಾಡದ ಬೆಲ್ಲದ ತುಂಡು, ಕೊಬ್ಬಿದ ಕತ್ತಿನ, ಇನ್ಸುಲಿನ್ ಏರುಪೇರಿನ ಪೋನಿಗೆ ನಿಷಿದ್ಧವಾಯಿತು. ಹಾಗೆಂದು ಕ್ಯಾರೆಟ್ಟಿಗೂ ಹೆದರುವುದು ಅತಿಯೇ. 100 ಗ್ರಾಂ ಕ್ಯಾರೆಟ್ಟಿನಲ್ಲಿ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆ 10 ಕಿಲೋ ಒಣಪದಾರ್ಥದಷ್ಟು ಹುಲ್ಲು ಮೇಯುವ ಕುದುರೆಗೆ, ಹುಲ್ಲಿನಲ್ಲಿ ನೂರಕ್ಕೆ ಹತ್ತು ಪಾಲು ಸಕ್ಕರೆಯಿದ್ದರೆ, ಆ ಹುಲ್ಲಿನಿಂದಲೇ ಒಂದು ಕಿಲೋ ಸಕ್ಕರೆ ಸಿಗುತ್ತದೆ.

ನಿಜವಾದ ವಿಷಗಳು

ಅಳತೆಯ ಮಾತೇ ಬೇಡ, ದೂರವಿಡಿ ಎನ್ನಬೇಕಾದವೂ ಇವೆ. ಈರುಳ್ಳಿಯ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಬೆಣ್ಣೆಹಣ್ಣಿನ ಪರ್ಸಿನ್ ತಲೆ, ಎದೆ, ಕೆಚ್ಚಲಿಗೆ ಊತ ತರುತ್ತದೆ. ಹಸಿರಾದ ಆಲೂಗಡ್ಡೆ, ಟೊಮೆಟೊ ಗಿಡದ ಸೊಪ್ಪು ಬೇಡ. ಎಲೆಕೋಸು, ಹೂಕೋಸು ವಿಷವಲ್ಲ, ಆದರೆ ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ ಕುದುರೆಗಳ ಮಿದುಳು ಕರಗುವ ಕಾಯಿಲೆ ಅಮೆರಿಕದ ರೈತರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದರ ಹಿಂದಿರುವ ಫ್ಯೂಮೊನಿಸಿನ್ ಎಂಬ ಶಿಲೀಂಧ್ರ ವಿಷವನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು 1988ರಲ್ಲಿ ಗುರುತಿಸಿದರು. ಹಳಸಿದ್ದನ್ನು, ಬೂಷ್ಟು ಬಂದದ್ದನ್ನು ಬಿಸಾಡುವ ಬದಲು ಕುದುರೆಗೆ ಹಾಕುವ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ರೇಸಿನ ಕುದುರೆಗೆ ಇನ್ನೊಂದು ಕಟ್ಟಳೆಯಿದೆ. ಚಾಕೊಲೇಟಿನ ಥಿಯೋಬ್ರೋಮಿನ್, ಕಾಫಿ ಚಹಾಗಳ ಕೆಫೀನ್ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. 2014ರ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆದ, ಬ್ರಿಟನ್ನಿನ ಅಂದಿನ ರಾಣಿಯ ಎಸ್ಟಿಮೇಟ್ ಎಂಬ ಕುದುರೆಯ ಮಾದರಿಯಲ್ಲಿ ಮಾರ್ಫಿನ್ ಪತ್ತೆಯಾಗಿ, ಆ ಸ್ಥಾನ ಹೋಯಿತು. ಕಲಬೆರಕೆಯಾದ ಮೇವೇ ಅದರ ಮೂಲವೆಂದು ಗೊತ್ತಾಯಿತು. ಗಸಗಸೆಯ ಗಿಡದಿಂದಲೇ ಮಾರ್ಫಿನ್ ಬರುವುದರಿಂದ ಗಸಗಸೆ ಹಾಕಿದ ತಿಂಡಿಯನ್ನೂ ಕುದುರೆಯ ಹತ್ತಿರ ತರಬಾರದು.

ಕುದುರೆಗೇನು ಇಷ್ಟ?

ಈ ಪ್ರಶ್ನೆಯನ್ನು ಶಿಸ್ತಾಗಿ ಕೇಳಿದವರು 2005ರಲ್ಲಿ ಪ್ರಬಂಧ ಪ್ರಕಟಿಸಿದ ಬ್ರಿಟನ್ನಿನ ಗುಡ್ವಿನ್, ಡೇವಿಡ್ಸನ್ ಮತ್ತು ಹ್ಯಾರಿಸ್. ಮೇವಿಗೆ ಬೇರೆ ಬೇರೆ ಪರಿಮಳ ಬೆರೆಸಿ ಇಟ್ಟಾಗ ಕುದುರೆಗಳು ಮೊದಲು ಆರಿಸಿದ್ದು ಮೆಂತ್ಯ, ನಂತರ ಬಾಳೆಹಣ್ಣು, ಜೀರಿಗೆಯೂ ಮುಂಚೂಣಿಯಲ್ಲಿತ್ತು. ಕ್ಯಾರೆಟ್ ಮತ್ತು ಪುದೀನ ಅವುಗಳ ಹಿಂದೆ ಬಂದವು.

ಇಷ್ಟೆಲ್ಲ ದಾಟಿ ಬಂದ ಮೇಲೆ ಆರೋಗ್ಯವಂತ ಕುದುರೆಗೆ ಕೊಡಬಹುದಾದದ್ದು ಕಡಿಮೆಯೇನಲ್ಲ. ಕ್ಯಾರೆಟ್, ಸೇಬು, ಬಾಳೆಹಣ್ಣು, ಕಲ್ಲಂಗಡಿ ಮತ್ತು ಅದರ ಸಿಪ್ಪೆ, ಸೌತೆಕಾಯಿ, ಬೀಟ್‌ರೂಟ್, ನೆನೆಸಿದ ಕಡಲೆ ಒಂದು ಹಿಡಿ, ಅಪರೂಪಕ್ಕೆ ಚಿಕ್ಕ ಬೆಲ್ಲದ ತುಂಡು. ಕ್ಯಾರೆಟ್ಟನ್ನು ದುಂಡು ಬಿಲ್ಲೆಯಾಗಿ ಹೆಚ್ಚದೆ ಉದ್ದುದ್ದ ಸೀಳಬೇಕು. ಬಿಲ್ಲೆ, ಇಡೀ ಸೇಬು, ಒಣ ಉಂಡೆಗಳು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಲ್ಲವು. ಸ್ನಾಯು ಸೆಟೆಯುವ ಅನುವಂಶಿಕ ಪೊಟ್ಯಾಸಿಯಂ ದೋಷವುಳ್ಳ ಕ್ವಾರ್ಟರ್ ಹಾರ್ಸ್ ತಳಿಯ ಕುದುರೆಗಳಿಗೆ ಬಾಳೆಹಣ್ಣೂ ಬೇಡ. ಇದೆಲ್ಲಕ್ಕೂ ಅಡಿಪಾಯ ಹುಲ್ಲು: ದಿನಕ್ಕೆ ದೇಹತೂಕದ ಕನಿಷ್ಠ ಶೇಕಡಾ 1.5ರಷ್ಟು ಒಣಮೇವು ಒಳಗೆ ಹೋದ ಮೇಲಷ್ಟೇ ತಿಂಡಿಯ ಮಾತು.

ಹಿಂದಿನ ಲಾಯದವರಿಗೆ ಈ ಅಂಕಿಗಳಿರಲಿಲ್ಲ, ಆದರೆ ತಮ್ಮ ಕುದುರೆಯ ಲದ್ದಿ, ನಡಿಗೆ, ಹಸಿವು ದಿನವೂ ಕಣ್ಣೆದುರಿಗಿತ್ತು. ಇಂದು ಬೇರೆಯವರ ಕುದುರೆಗೆ ಬೇಲಿಯಾಚೆಯಿಂದ ತಿಂಡಿ ಚಾಚುವವರಿಗೆ ಆ ಅರಿವು ಇರುವುದಿಲ್ಲ. ಆ ಕುದುರೆಗೆ ಇನ್ಸುಲಿನ್ ಏರುಪೇರಿದೆಯೋ, ನಾಳೆ ರೇಸಿದೆಯೋ, ಆಗಲೇ ಯಾರಾದರೂ ಏನಾದರೂ ತಿನ್ನಿಸಿದ್ದಾರೋ ಬಲ್ಲವನು ಸಾಕುವವನು ಮಾತ್ರ. ಆದ್ದರಿಂದ ಸುರಕ್ಷಿತ ತಿಂಡಿಯ ಪಟ್ಟಿ ಎಷ್ಟೇ ಉದ್ದವಾಗಿರಲಿ, ಅದನ್ನು ಓದುವ ಮೊದಲು ಸಾಕುವವನನ್ನು ಕೇಳಬೇಕು.