ದಿನಕ್ಕೊಂದು ಗಿಡ: ಶಿವಮೊಗ್ಗೆಯ ಹಸಿರು ಜಲವರ್ಣದಲ್ಲಿ

ತುಮಕೂರಿನಿಂದ ಹೊರಟ ಹೆದ್ದಾರಿ ಗುಬ್ಬಿಯನ್ನು ದಾಟಿ ನಿಟ್ಟೂರಿಗೆ ಬರುತ್ತದೆ. ಈ ಸೀಮೆಯಲ್ಲಿ ನೀವು ಕಾಣುವುದು ತೆಂಗು, ಅಡಿಕೆ, ನಡುನಡುವೆ ಮಾವು, ಹಲಸು. ಅದೇ ರಸ್ತೆಯಲ್ಲಿ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆಗಳನ್ನು ಕಳೆದರೆ ಶಿವಮೊಗ್ಗ. ಸಾಗರವನ್ನೂ ದಾಟಿ ಘಟ್ಟ ಇಳಿದರೆ ಹೊನ್ನಾವರ. ಬಯಲುಸೀಮೆಯ ಹಸಿರು ನಿತ್ಯಹರಿದ್ವರ್ಣದ ಕಾಡಾಗಿ ದಟ್ಟೈಸುವುದನ್ನು ಒಂದೇ ದಿನದ ಬಸ್ ಪ್ರಯಾಣದಲ್ಲಿ ನೋಡಬಹುದು. ಸುಮಾರು ನೂರೆಂಬತ್ತು ವರ್ಷಗಳ ಹಿಂದೆ ಆ ಮಲೆನಾಡಿನ ಗಿಡಮರಗಳನ್ನು ಒಬ್ಬ ಚಿತ್ರಕಾರ ಕಾಗದದ ಮೇಲೆ ಜಲವರ್ಣದಲ್ಲಿ ಇಳಿಸಿದ. ಅವನ ಕಥೆಯನ್ನು ಹೇಳಬೇಕೆಂದರೆ ಮೊದಲು ಒಬ್ಬ ವೈದ್ಯನ ಕಥೆ ಹೇಳಬೇಕು.

1831ರಿಂದ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ, 1840ರ ದಶಕದ ನಡುವೆ, ಶಿವಮೊಗ್ಗೆಗೆ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡಿನ ಮನೆತನದ ತರುಣ ವೈದ್ಯ ಬಂದ. ಹುಟ್ಟಿದ್ದು 1820ರಲ್ಲಿ ಮದ್ರಾಸಿನಲ್ಲಿ, ಓದಿದ್ದು ಎಡಿನ್‌ಬರೋದಲ್ಲಿ. ದಿನಕ್ಕೆ ಒಂದು ಗಿಡವನ್ನು ಕಾಲು ಗಂಟೆ ಕಾಲ ಪರೀಕ್ಷಿಸು ಎಂದು ಸಸ್ಯವಿಜ್ಞಾನಿ ವಿಲಿಯಂ ಹುಕರ್ ನೀಡಿದ್ದ ಸಲಹೆಯನ್ನು ಅವನು ವ್ರತದಂತೆ ಹಿಡಿದ. ತನಗೆ ಗಿಡ ಪರೀಕ್ಷಿಸಲು ಬರುತ್ತಿತ್ತು. ಚಿತ್ರಕ್ಕೆ ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡ. ಹೀಗೆ ನೂರಾರು ಚಿತ್ರಗಳಾದವು.

ಇವುಗಳಲ್ಲಿ ಕಾಡಿನ ನೋಟವನ್ನು ಹುಡುಕಬೇಡಿ. ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಲ್ಲಿ ಇರುತ್ತಿದ್ದ 'ಕಾಡಿನ ಪರದೆ'ಗೂ ಇವುಗಳಿಗೂ ಸಂಬಂಧವಿಲ್ಲ. ಸಸ್ಯಚಿತ್ರವೆಂದರೆ ಒಂದು ರೆಂಬೆ, ಅದರ ಎಲೆ, ಹೂ, ಕಾಯಿ. ನೂರು ಅಡಿ ಎತ್ತರದ ಮರವೂ ಒಂದು ಹಾಳೆಯಲ್ಲಿ ಅಡಗಬೇಕು, ಆದರೆ ಅದನ್ನು ಬೇರೆ ಮರವೆಂದು ಯಾರೂ ತಪ್ಪು ತಿಳಿಯಬಾರದು. ಕೆಲಸ ಸುಲಭವಲ್ಲ. ನಿತ್ಯಹರಿದ್ವರ್ಣದ ಮರ ಎಲೆ ಉದುರಿಸುವುದೇ ಇಲ್ಲವೆಂದು ನಾವು ಭಾವಿಸುತ್ತೇವೆ. ಅದು ಉದುರಿಸುತ್ತದೆ, ಎಲ್ಲವನ್ನೂ ಒಮ್ಮೆಗೇ ಅಲ್ಲ. ಹೀಗಾಗಿ ಒಂದೇ ರೆಂಬೆಯಲ್ಲಿ ಹಲವು ವಯಸ್ಸಿನ ಎಲೆಗಳಿರುತ್ತವೆ: ಕಡುಹಸಿರಿನ ಹಳೆಯವು, ತಿಳಿಹಸಿರಿನ ನಡುವಿನವು. ನಾಗಸಂಪಿಗೆಯ ಚಿಗುರಂತೂ ಕೆಂಪು! 'ಹಸಿರು ಮರ' ಎಂದು ಒಂದೇ ಬಣ್ಣ ಬಳಿದವನು ಅಲ್ಲಿಗೆ ಸೋತಂತೆ. ಎಲೆಯ ಮೇಲ್ಮೈಯ ಹೊಳಪನ್ನು ತಿಳಿಯಾದ ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚಿ ತೋರಿಸುವುದಿಲ್ಲ. ಕಾಗದದ ಬಿಳುಪನ್ನೇ ಬಿಟ್ಟು ತೋರಿಸುತ್ತಾರೆ. ಬಿಡಬೇಕಾದ ಜಾಗ ಕುಂಚ ಅದ್ದುವ ಮೊದಲೇ ಗೊತ್ತಿರಬೇಕು. ನಿಮ್ಮ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಒಂದು ಹಲಸಿನ ಎಲೆಯನ್ನು ಕಿಟಕಿಯ ಬಳಿ ಇಟ್ಟು ಬರೆದು ನೋಡಿ, ನಾನು ಹೇಳಿದ್ದು ಅರ್ಥವಾಗುತ್ತದೆ.

ಹಸಿರಿನ ಮೂಲವೂ ಸ್ವಾರಸ್ಯದ್ದು. ಆ ಕಾಲದ ವರ್ಣಚಿತ್ರಕಾರರು ಹಸಿರನ್ನು ಹೆಚ್ಚಾಗಿ ನೀಲಿ, ಹಳದಿ ಬೆರೆಸಿಯೇ ಪಡೆಯುತ್ತಿದ್ದರು. ಆ ಹಳದಿಗಳಲ್ಲಿ ಪ್ರಸಿದ್ಧವಾದುದು ಗ್ಯಾಂಬೋಜ್ ಎಂಬ ಮರದ ಅಂಟು. ನಮ್ಮ ಮುರುಗಲು, ಉಪ್ಪಾಗೆಗಳ ಬಳಗಕ್ಕೆ ಸೇರಿದ ಅರಿಸಿನ ಗುರ್ಗಿಯ ತೊಗಟೆಯನ್ನು ಕೊರೆದರೆ ಇಂಥ ಹಳದಿ ಅಂಟು ಒಸರುತ್ತದೆ. ಆ ಮರವೂ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣದ ಕಾಡಿನದೇ. ಅಂದರೆ ಕಾಡಿನ ಹಸಿರಿಗೆ ಬೇಕಾದ ಹಳದಿ ಕಾಡಿನೊಳಗೇ ಇತ್ತು. ಈ ಅಂಟು ಕಟುವಾದ ವಿರೇಚಕವೂ ಹೌದು. ವೈದ್ಯರಿಗೆ ಅದರಲ್ಲಿ ಆಸಕ್ತಿ ಇದ್ದುದಕ್ಕೆ ಅದೇ ಕಾರಣ. ಬಣ್ಣದ ಪೆಟ್ಟಿಗೆಗಳಲ್ಲಿ 'ಹುಕರ್ ಹಸಿರು' ಎಂಬ ಹೆಸರನ್ನು ನೀವು ಕಂಡಿರಬಹುದು. ಅದು ಮೊದಲು ಗ್ಯಾಂಬೋಜ್ ಮತ್ತು ಪ್ರಷ್ಯನ್ ನೀಲಿಯ ಮಿಶ್ರಣ. ಆದರೆ ಆ ಹುಕರ್ ಕ್ಲೆಗ್‌ಹಾರ್ನನಿಗೆ ಬುದ್ಧಿ ಹೇಳಿದವನಲ್ಲ, ಅದೇ ಹೆಸರಿನ ಇನ್ನೊಬ್ಬ ಸಸ್ಯಚಿತ್ರಕಾರ. ಪರೀಕ್ಷೆಯಲ್ಲಿ ಗೊಂದಲವಾಗದಿರಲಿ!

ಇನ್ನು ಕಹಿಯಾದ ಮಾತು. ಶಿವಮೊಗ್ಗೆಯಲ್ಲಿದ್ದಾಗಲೇ ಕ್ಲೆಗ್‌ಹಾರ್ನನಿಗೆ ಕಾಡು ಕರಗುತ್ತಿರುವುದು ಕಂಡಿತು. ಮಲೆನಾಡಿನ ಜನ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತಿ, ಒಂದೆರಡು ವರ್ಷಕ್ಕೆ ಜಾಗ ಬದಲಿಸುವ ಕುಮರಿ ಬೇಸಾಯವನ್ನು ಅವನು ವಿರೋಧಿಸಿದ. ಅನಾರೋಗ್ಯದಿಂದ 1848ರಲ್ಲಿ ಊರಿಗೆ ಹೋದವನು 1851ರಲ್ಲಿ ಇಪ್ಸ್‌ವಿಚ್‌ನ ವಿಜ್ಞಾನ ಸಮ್ಮೇಳನದಲ್ಲಿ ಉಷ್ಣವಲಯದ ಕಾಡುಗಳ ನಾಶದ ವಿಷಯ ಎತ್ತಿದ; 1856ರಲ್ಲಿ ಮದ್ರಾಸ್ ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ರೈಲು ಹಳಿಗಳ ಅಡಿಮರಗಳಿಗಾಗಿ, ಹಡಗುಗಳಿಗಾಗಿ ಬೀಳುತ್ತಿದ್ದ ಮರಗಳ ಲೆಕ್ಕ ಬೇರೆಯೇ. ಕಾಡು ಉಳಿಯಬೇಕೆಂಬ ಅವನ ಕಳಕಳಿ ಸುಳ್ಳಲ್ಲ. ಆದರೆ ಒಂದು ಎಲೆಯನ್ನು ಕಾಲು ಗಂಟೆ ನೋಡುತ್ತಿದ್ದವನು ಕುಮರಿಯವನ ಬದುಕನ್ನು ಅಷ್ಟೇ ಹೊತ್ತು ನೋಡಿದನೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಆ ಚಿತ್ರಕಾರನ ಮಾತೂ ಹಾಗೆಯೇ. ಮದ್ರಾಸಿನಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿಗೆ ಚಿತ್ರ ಬರೆದ ರಂಗಯ್ಯ, ಗೋವಿಂದು ಇವರ ಹೆಸರುಗಳು ಉಳಿದಿವೆ. ವೈಟ್ ಒಂದು ಸೀತಾಳೆ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ಮುಂದೆ ಗೋವಿಂದು ಕ್ಲೆಗ್‌ಹಾರ್ನನಿಗೂ ಚಿತ್ರ ಬರೆದ. ಶಿವಮೊಗ್ಗೆಯವನು ಮಾತ್ರ 'ಮರಾಠಿ ಚಿತ್ರಕಾರ' ಎಂದಷ್ಟೇ ಉಳಿದ. ಅವನ ಹಾಳೆಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. 2016ರಲ್ಲಿ ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು ಈ ಸಂಗ್ರಹವನ್ನು ಕುರಿತು ಪುಸ್ತಕ ಹೊರತಂದರು. ಮಲೆನಾಡಿನ ಆ ರೆಂಬೆಗಳು ಅಲ್ಲಿ ಇಂದಿಗೂ ಹಸಿರಾಗಿಯೇ ಇವೆ. ಬರೆದ ಕೈಯ ಹೆಸರಿನ ಜಾಗ ಖಾಲಿಯಾಗಿದೆ.