ಯಾವ ಡಾಲರು, ಸ್ವಾಮಿ?

ಅವೆನ್ಯೂ ರಸ್ತೆಯ ಆಭರಣದಂಗಡಿಯಲ್ಲಿ ‘ಒಂದು ಡಾಲರ್ ತೋರಿಸಿ’ ಎಂದರೆ ಯಾರೂ ಅಮೆರಿಕದ ನೋಟು ತೆಗೆಯುವುದಿಲ್ಲ. ಗಣಪತಿಯದೋ ವೆಂಕಟರಮಣನದೋ ಪದಕವೊಂದನ್ನು ಎದುರಿಗಿಡುತ್ತಾರೆ. ಸರದ ತೂಕ ಬೇರೆ, ಡಾಲರಿನ ತೂಕ ಬೇರೆ. ಪರದೇಶದ ನಾಣ್ಯವನ್ನು ಕೊರಳಿಗೆ ಕಟ್ಟಿಕೊಳ್ಳುವುದು ನಮಗೆ ಹೊಸದೇನಲ್ಲ. ಕರಾವಳಿಯಲ್ಲಿ ಚಿನ್ನ ಅಳೆಯುವ ಪವನು ಇಂಗ್ಲಿಷರ ಪೌಂಡೇ ತಾನೆ? ಆದರೆ ಡಾಲರಿಗೆ ಕನ್ನಡದಲ್ಲಿ ಇನ್ನೊಂದು ಬದುಕೂ ಉಂಟು. ‘ಡಾಲರ್ ಸೊಸೆ’ ಎಂದ ಕೂಡಲೇ ಆಕೆ ಯಾವ ದೇಶದಲ್ಲಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಡಾಲರ್ಸ್ ಕಾಲೋನಿಯ ಹೆಸರಿಗೂ ಟಿಪ್ಪಣಿ ಬೇಕಿಲ್ಲ. ನಮ್ಮ ಕಿವಿಗೆ ಡಾಲರ್ ಎಂದರೆ ಅಮೆರಿಕ, ಮುಗಿಯಿತು.

ಈ ನಂಬಿಕೆಯನ್ನು ಚೀಲದಲ್ಲಿಟ್ಟುಕೊಂಡು ಕೆರಿಬಿಯನ್ನಿಗೆ ಹೋದವರಿಗೆ ಮೊದಲ ಟ್ಯಾಕ್ಸಿಯಲ್ಲೇ ಪಾಠ ಶುರುವಾಗುತ್ತದೆ. ಸೇಂಟ್ ಲೂಸಿಯಾವನ್ನೇ ತೆಗೆದುಕೊಳ್ಳಿ. ಕ್ರಿಕೆಟ್ ನೋಡುವವರಿಗೆ ಈ ದ್ವೀಪ ಗೊತ್ತು. ಅಲ್ಲಿನ ಗ್ರೋಸ್ ಐಲೆಟ್ ಮೈದಾನದಲ್ಲಿ 2006ರಲ್ಲಿ ನಾಯಕ ದ್ರಾವಿಡ್ ಶತಕ ಹೊಡೆದರು. 2024ರ ಟಿ20 ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾದ ಮೇಲೆ ರೋಹಿತ್ 92 ಬಾರಿಸಿದಾಗ ಅದೇ ಮೈದಾನದಲ್ಲಿ ದ್ರಾವಿಡ್ ತಂಡದ ಕೋಚ್. ಅಲ್ಲಿ ‘ನಲವತ್ತು ಡಾಲರ್’ ಎಂಬುದು ಅರ್ಧ ಮಾತು. ಉಳಿದರ್ಧವನ್ನು ನೀವೇ ಕೇಳಿ ಪಡೆಯಬೇಕು: ಯೂಎಸ್ಸೋ, ಈಸಿಯೋ?

ಈಸಿ ಎಂದರೆ ಈಸ್ಟರ್ನ್ ಕೆರಿಬಿಯನ್ ಡಾಲರು, ಇಂಗ್ಲಿಷಿನ ಎರಡು ಅಕ್ಷರ. (ಸುಲಭ ಎಂಬ ಅರ್ಥ ಖಂಡಿತ ಇಲ್ಲ.) ಆಂಟಿಗುವಾ, ಡೊಮಿನಿಕಾ, ಗ್ರೆನಡಾ, ಸೇಂಟ್ ವಿನ್ಸೆಂಟ್ ಸೇರಿ ಎಂಟು ನಾಡುಗಳಿಗೆ ಇದೊಂದೇ ಹಣ. ಇದರ ಕೇಂದ್ರ ಬ್ಯಾಂಕು ಇರುವುದು ಸೇಂಟ್ ಕಿಟ್ಸ್ ದ್ವೀಪದ ಬಾಸ್ಟೇರ್ ಪಟ್ಟಣದಲ್ಲಿ. ಅಮೆರಿಕದ ಒಂದು ಡಾಲರಿಗೆ ಈಸಿ 2.70. ಈ ದರ 1976ರಿಂದ ಕದಲಿಲ್ಲ. ಆಗ ಒಂದು ಅಮೆರಿಕನ್ ಡಾಲರಿಗೆ ಸುಮಾರು ಒಂಬತ್ತು ರೂಪಾಯಿ ಇತ್ತು. ನಮ್ಮದು ಎಲ್ಲಿಂದ ಎಲ್ಲಿಗೆ ಬಂತೆಂದು ಬಲ್ಲವರಿಗೆ ಆ ಚಿಕ್ಕ ದ್ವೀಪಗಳ ಹಟ ಕಂಡು ತುಸು ಹೊಟ್ಟೆಕಿಚ್ಚಾದರೂ ಆದೀತು.

ಈಗ ಲೆಕ್ಕ ನೋಡಿ. ನಲವತ್ತು ಈಸಿ ಎಂದರೆ ಹದಿನೈದು ಅಮೆರಿಕನ್ ಡಾಲರಿಗೂ ಚೂರು ಕಡಿಮೆ. ನಲವತ್ತು ಯೂಎಸ್ ಎಂದರೆ ನೂರೆಂಟು ಈಸಿ. ಎರಡಕ್ಕೂ ಬೋರ್ಡಿನ ಮೇಲೆ ಬರೆಯುವ ಗುರುತು ಒಂದೇ, ಎಸ್ ಅಕ್ಷರಕ್ಕೆ ಗೀಟು ಎಳೆದದ್ದು. ಹೀಗಾಗಿ ಗೊಂದಲವಾದರೆ ಅದನ್ನು ಮೋಸ ಎನ್ನಲಾಗದು. ವಾಸ್ತವದಲ್ಲಿ ಅಲ್ಲಿನವರಿಗೆ ಗೊಂದಲವೇ ಇಲ್ಲ, ಯಾವುದಕ್ಕೆ ಯಾವ ಡಾಲರೆಂಬುದು ಅವರಿಗೆ ರೂಢಿಯಿಂದ ಗೊತ್ತು. ಟ್ಯಾಕ್ಸಿ, ದೋಣಿ ವಿಹಾರ, ಕಡಲದಂಡೆಯ ಹೋಟೆಲು ಮಾತಾಡುವುದು ಸಾಮಾನ್ಯವಾಗಿ ಯೂಎಸ್. ಮಿನಿಬಸ್ಸು, ಕ್ಯಾಸ್ಟ್ರೀಸ್ ಪೇಟೆಯ ತರಕಾರಿ, ರಸ್ತೆಬದಿಯ ಸುಟ್ಟ ಕೋಳಿ, ಇವೆಲ್ಲ ಈಸಿ. ಬೆಲೆ ಹೇಳುವಾಗ ಯಾವ ಡಾಲರು ಬಾಯಿಗೆ ಬಂತು ಎನ್ನುವುದರಲ್ಲೇ ನಿಮ್ಮನ್ನು ಯಾರೆಂದು ಎಣಿಸಿದರು ಎಂಬುದೂ ತಿಳಿಯುತ್ತದೆ. ‘ಯೂಎಸ್’ ಅಂದರೆ ಪ್ರವಾಸಿ. ಬಸ್ಸಿನ ಹುಡುಗ ನಿಮಗೂ ಈಸಿಯಲ್ಲೇ ಹೇಳಿದರೆ, ಅಷ್ಟು ಹೊತ್ತಿಗೆ ನೀವೂ ಬಸ್ಸಿನ ಜನ.

ಈ ಪದದ ಹುಟ್ಟೂರು ಅಮೆರಿಕವೂ ಅಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಬೊಹೆಮಿಯಾದ ಯೋಆಕಿಮ್ಸ್‌ಟಾಲ್ ಎಂಬ ಕಣಿವೆಯಲ್ಲಿ ಬೆಳ್ಳಿ ಸಿಕ್ಕಿತು. ‘ಟಾಲ್’ ಎಂದರೆ ಜರ್ಮನ್ನಿನಲ್ಲಿ ಕಣಿವೆ. ಅಲ್ಲಿ ಟಂಕಿಸಿದ ನಾಣ್ಯ ಟಾಲರ್ ಆಯಿತು, ಡಚ್ಚರ ಬಾಯಲ್ಲಿ ಡಾಲ್ಡರ್ ಆಯಿತು, ಇಂಗ್ಲಿಷಿಗೆ ಬಂದು ಡಾಲರ್ ಆಯಿತು. (ಆ ಊರೀಗ ಚೆಕ್ ದೇಶದ ಯಾಖಿಮೊವ್, ಮೇರಿ ಕ್ಯೂರಿ ರೇಡಿಯಂ ಹುಡುಕಿದ್ದು ಅಲ್ಲಿನ ಗಣಿಯ ಅದಿರಿನಲ್ಲಿ.) ಕೆರಿಬಿಯನ್ ಕಡಲಿನಲ್ಲಿ ಬಹುಕಾಲ ಡಾಲರೆಂದರೆ ಸ್ಪೇನಿನ ಬೆಳ್ಳಿ ನಾಣ್ಯ, ಎಂಟು ರಿಯಾಲಿನದು. ಅಮೆರಿಕ ತನ್ನ ಡಾಲರನ್ನು ಕಟ್ಟಿದ್ದೂ ಅದರ ಮಾದರಿಯಲ್ಲೇ. ಆ ಸ್ಪೇನಿನ ನಾಣ್ಯ ಅಮೆರಿಕದಲ್ಲಿ 1857ರವರೆಗೂ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು.

ದ್ವೀಪಗಳಲ್ಲಿ ಚಿಲ್ಲರೆಗೆ ಸದಾ ಬರ. ಬಂದ ಬೆಳ್ಳಿ ಹಡಗು ಹತ್ತಿ ಹೊರಟುಹೋಗುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ ಸೊಗಸಾಗಿದೆ: ಡಾಲರನ್ನೇ ಉಳಿಯಿಂದ ತುಂಡರಿಸಿ, ತುಂಡಿನ ಮೇಲೆ ದ್ವೀಪದ ಮುದ್ರೆ ಒತ್ತಿದರು. ಡೊಮಿನಿಕಾ, ಟ್ರಿನಿಡಾಡ್ ಮುಂತಾದ ಕಡೆ ನಡುವೆ ತೂತು ಕೊರೆದು, ಹೊರಗಿನ ಬಳೆಯನ್ನೊಂದು ಬೆಲೆಗೆ, ಒಳಗಿನ ಬಿಲ್ಲೆಯನ್ನೊಂದು ಬೆಲೆಗೆ ಚಲಾಯಿಸಿದರು. ಊನವಾದ ನಾಣ್ಯವನ್ನು ಹೊರಗಿನವರು ಪೂರ್ತಿ ಬೆಲೆಗೆ ಮುಟ್ಟುವುದಿಲ್ಲವಲ್ಲ, ಹಾಗಾಗಿ ಅದು ಊರಲ್ಲೇ ಉಳಿಯಿತು. ದಾರ ಪೋಣಿಸಲು ಅನುಕೂಲವಾದ ಆ ಡಾಲರಿಗೂ ನಮ್ಮ ಸರದ ಡಾಲರಿಗೂ ನಂಟು ಹಚ್ಚುವ ಆಸೆ ನನಗಾಗುತ್ತದೆ. ಪುರಾವೆ ಇಲ್ಲದ್ದರಿಂದ ಆಸೆಯನ್ನು ಅಲ್ಲಿಗೇ ಬಿಡುತ್ತೇನೆ. ಆಮೇಲೆ ಬಂದದ್ದು ಬ್ರಿಟಿಷ್ ವೆಸ್ಟ್ ಇಂಡೀಸ್ ಡಾಲರು. ಅದರ ಮೊದಲ ಅಕ್ಷರಗಳನ್ನು ಕೂಡಿಸಿ ಜನ ‘ಬೀವಿ’ ಎಂದು ಕರೆದರು. ಕಬ್ಬಿನ ತೋಟಗಳಿಗೆ ಕೂಲಿಯಾಗಿ ಹೋದ ಬಿಹಾರ, ಅವಧದವರ ಮಕ್ಕಳು ಅದನ್ನು ಕೇಳಿ ಒಳಗೊಳಗೇ ನಕ್ಕಿರಬೇಕು.

ಇಷ್ಟೆಲ್ಲ ತಿಳಿದೂ ಕೈ ತಡವರಿಸುವುದು ಟಿಪ್ಸ್ ಕೊಡುವಾಗ. ಬೆಲೆಯಾದರೆ ಅವರು ಹೇಳುತ್ತಾರೆ, ನಾವು ಕೇಳುತ್ತೇವೆ. ಟಿಪ್ಸಿಗೆ ಬಾಯಿಲ್ಲ. ಸೂಟ್‌ಕೇಸು ಹೊತ್ತವರಿಗೆ ‘ಒಂದು ಡಾಲರ್’ ಎಂದುಕೊಂಡು ಈಸಿ ನಾಣ್ಯ ಕೊಟ್ಟರೆ ಅದು ಅಮೆರಿಕದ ಮೂವತ್ತೇಳು ಸೆಂಟು, ನಮ್ಮ ಮೂವತ್ತು ಚಿಲ್ಲರೆ ರೂಪಾಯಿ. ಕೊಟ್ಟವರಿಗೆ ಧಾರಾಳತನದ ಸಮಾಧಾನ, ಪಡೆದವರಿಗೆ ಅರ್ಧ ಬಸ್ ಚಾರ್ಜೂ ಇಲ್ಲ. ತಿರುಗಾಮುರುಗಾ ಆಗುವುದೂ ಉಂಟು: ಹತ್ತು ಈಸಿ ಕೊಡುವಲ್ಲಿ ಹತ್ತು ಯೂಎಸ್ ಇಟ್ಟು, ಇಪ್ಪತ್ತೇಳು ಈಸಿಯ ದಾನಶೂರ ಕರ್ಣರಾಗಿ ಬಂದು, ರಾತ್ರಿ ಕೋಣೆಯಲ್ಲಿ ಕ್ಯಾಲ್ಕುಲೇಟರ್ ಒತ್ತುವುದು.

ಹೋಟೆಲಿನ ಬಿಲ್ಲಿನಲ್ಲಿ ಈ ಕಷ್ಟ ಕಡಿಮೆ. ಕೆಳಗಡೆ ಶೇ. 10ರ ಸರ್ವಿಸ್ ಚಾರ್ಜ್ ಸಾಮಾನ್ಯವಾಗಿ ಸೇರಿಯೇ ಇರುತ್ತದೆ. ನಮ್ಮಲ್ಲಿ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿ ಸೇರಿಸಬಾರದು ಎಂದ ಮೇಲೆ, ‘ತೆಗೀರಿ ಅದನ್ನ’ ಎನ್ನುವ ಧೈರ್ಯ ಬಂದಿದೆ. ಆ ಧೈರ್ಯವನ್ನು ಅಲ್ಲಿ ಪ್ರದರ್ಶಿಸಬೇಡಿ. ಅದು ಅಲ್ಲಿನ ರಿವಾಜು. ಸೇರಿದ್ದರೆ ಮೇಲೆ ಕೊಡಲೇಬೇಕೆಂದಿಲ್ಲ, ಸೇರಿಲ್ಲದಿದ್ದರೆ ಶೇ. 10ರಿಂದ 15 ಕೊಡುವುದು ಮರ್ಯಾದೆ.

ನನ್ನನ್ನು ಕೇಳಿದರೆ ಟಿಪ್ಸನ್ನು ಈಸಿಯಲ್ಲೇ ಕೊಡಬೇಕು. ಯೂಎಸ್ ನೋಟು ಯಾರೂ ಬೇಡವೆನ್ನುವುದಿಲ್ಲ, ನಿಜ. ಆದರೆ ಅಂಗಡಿಗಳು ಅದನ್ನು 2.70ಕ್ಕೆ ಕೊಳ್ಳದೆ ಐದೋ ಹತ್ತೋ ಸೆಂಟು ಮುರಿದುಕೊಳ್ಳುವುದುಂಟು. ನಿಮ್ಮ ಉದಾರತೆಯ ಮೇಲಿನ ಆ ತೆರಿಗೆ ಕಟ್ಟುವವರು ಪಡೆದವರು. ಹರಿದ ನೋಟು ಬೇಡವೇ ಬೇಡ. ಅಮೆರಿಕದ ಚಿಲ್ಲರೆ ನಾಣ್ಯವಂತೂ ಕೊಟ್ಟ ಹಾಗಲ್ಲ, ಬದಲಾಯಿಸಿಕೊಡುವವರು ಸಿಗುವುದು ಕಷ್ಟ. ಎಟಿಎಂನಲ್ಲಿ ಬರುವುದು ಈಸಿ. ಊರು ಬಿಡುವ ಮುಂಚೆ ನಮ್ಮ ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯ ಗುಂಡಿ ಒತ್ತಿರಬೇಕು ಅಷ್ಟೆ. ನೂರರ ನೋಟು ಬಂದರೆ ತಿರುಗಿಸಿ ನೋಡಿ. ಅದರಲ್ಲಿರುವವರು ಆರ್ಥರ್ ಲೂಯಿಸ್, ಇದೇ ಸೇಂಟ್ ಲೂಸಿಯಾದವರು, 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅರ್ಥಶಾಸ್ತ್ರಜ್ಞರನ್ನು ನೋಟಿನ ಮೇಲೆ ಕೂರಿಸುವ ನಾಡುಗಳು ವಿರಳ. ಮಿನಿಬಸ್ಸಿನಲ್ಲಿ ಮಾತ್ರ ಅವರನ್ನು ಚಾಚಬೇಡಿ, ಚಿಲ್ಲರೆ ಸಿಗದು.

ಉಳಿದ ಈಸಿಯನ್ನು ಊರಿಗೆ ತಂದರೆ ಮನಿ ಚೇಂಜರ್ ಬೋರ್ಡಿನಲ್ಲಿ ಅದರ ಹೆಸರು ಹುಡುಕಿ ಸುಸ್ತಾಗುತ್ತೀರಿ. ಹೊರಡುವ ಬೆಳಗ್ಗೆ ಕೋಣೆ ಗುಡಿಸಿದವರಿಗೆ ಇಟ್ಟುಬನ್ನಿ, ಜೊತೆಗೊಂದು ಥ್ಯಾಂಕ್ಸ್ ಚೀಟಿ ಇರಲಿ. ಬರೀ ನೋಟಿದ್ದರೆ ಮರೆತು ಹೋದದ್ದೆಂದು ರಿಸೆಪ್ಷನ್ನಿಗೆ ಒಪ್ಪಿಸಿಯಾರು. ಮುಂದಿನ ವಿಮಾನ ಬಾರ್ಬಡೋಸಿಗಾದರೆ ಈ 2.70ರ ಲೆಕ್ಕವನ್ನೂ ಅಲ್ಲೇ ಬಿಡಿ. ಅಲ್ಲಿ ಓಡುವುದು ಇನ್ನೊಂದು ಡಾಲರು, ಅಮೆರಿಕದ ಒಂದಕ್ಕೆ ಅಲ್ಲಿನದು ಎರಡು.